ಬೆಕ್ಕನ್ನು ಮನೆಯಿಂದ ಕಳಿಸುವ ಮೊದಲು: ಟಾಕ್ಸೋಪ್ಲಾಸ್ಮಾ ಸೋಂಕನ್ನು ದೂರವಿಡುವ ಬಗೆ

ಬೆಕ್ಕಿನಿಂದ ಟಾಕ್ಸೋಪ್ಲಾಸ್ಮಾ ಸೋಂಕು ತಗಲಿ ಹೊಟ್ಟೆಯಲ್ಲಿರುವ ಮಗುವಿಗೆ ಕೇಡಾದೀತು, ಆದ್ದರಿಂದ ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕು ಇರಕೂಡದು ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಿಕೊಳ್ಳಬೇಡಿ. ನಾನು ಸಾಕುಪ್ರಾಣಿಗಳ ವೈದ್ಯೆ. ಬೆಕ್ಕಿನ ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನು ಯಾರಿಗಾದರೂ ಕೊಟ್ಟುಬಿಡಿ ಡಾಕ್ಟರೇ, ಹೆಂಡತಿಗೆ ಈಗ ಮೂರನೇ ತಿಂಗಳು" ಎನ್ನುವ ಗಂಡಂದಿರು ಆಗಾಗ ಬರುತ್ತಿರುತ್ತಾರೆ. ಅವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೆಕ್ಕಿನ ಬಗ್ಗೆ ಇರುವುದಿಲ್ಲ. ಮಾಂಸ ತಿನ್ನುತ್ತೀರಾ, ತಿಂದರೆ ಎಷ್ಟು ಬೇಯಿಸುತ್ತೀರಿ, ಅದನ್ನು ಹೆಚ್ಚಿದ ಹಲಗೆಯ ಮೇಲೆಯೇ ಸೌತೆಕಾಯಿ ಹೆಚ್ಚುತ್ತೀರಾ ಎಂದು ಕೇಳುತ್ತೇನೆ. ಬೆಕ್ಕಿನ ಡಾಕ್ಟರಿಗೆ ಅಡುಗೆಮನೆಯ ಉಸಾಬರಿ ಯಾಕೆ ಎಂಬ ಅಸಮಾಧಾನ ಕೆಲವರ ಮುಖದಲ್ಲಿ ಕಾಣುತ್ತದೆ. ಆದರೂ ಕೇಳುವುದನ್ನು ಬಿಟ್ಟಿಲ್ಲ. ಯುರೋಪಿನ ಹಲವು ನಗರಗಳ ಗರ್ಭಿಣಿಯರನ್ನು ಕುರಿತು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೋಂಕಿನ ಅತಿ ದೊಡ್ಡ ಕಾರಣವಾಗಿ ಕಂಡದ್ದು ಅರೆಬೆಂದ ಮಾಂಸ. ಬೆಕ್ಕಿನ ಒಡನಾಟ ಅಪಾಯದ ಕಾರಣವಾಗಿ ಕಾಣಿಸಲೇ ಇಲ್ಲ.

ಹಾಗೆಂದು ಬೆಕ್ಕು ಪೂರ್ತಿ ನಿರಪರಾಧಿಯೂ ಅಲ್ಲ. ಟಾಕ್ಸೋಪ್ಲಾಸ್ಮಾ ಗೊಂಡಿಯೈ ಎಂಬುದು ಒಂದೇ ಜೀವಕೋಶದ ಪರಾವಲಂಬಿ. ಮನುಷ್ಯ, ಕುರಿ, ಹಂದಿ, ಇಲಿ, ಕೋಳಿ, ತಿಮಿಂಗಿಲ ಎನ್ನದೆ ಬಿಸಿರಕ್ತದ ಬಹುತೇಕ ಯಾವ ಪ್ರಾಣಿಯ ಮೈಯನ್ನಾದರೂ ಅದು ಹೊಕ್ಕಬಲ್ಲದು. ಆದರೆ ಅದರ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದು ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಮಾತ್ರ. 1908ರಲ್ಲಿ ಟ್ಯುನಿಸ್‌ನಲ್ಲಿ ಶಾರ್ಲ್ ನಿಕೋಲ್ ಮತ್ತು ಲೂಯಿ ಮಾನ್ಸೋ ಒಂದು ಪುಟ್ಟ ದಂಶಕದಲ್ಲಿಯೂ, ಅದೇ ವರ್ಷ ಸಾವೊ ಪೌಲೊದಲ್ಲಿ ಅಲ್ಫೊನ್ಸೊ ಸ್ಪ್ಲೆಂಡೋರೆ ಮೊಲದಲ್ಲಿಯೂ ಈ ಜೀವಿಯನ್ನು ಗುರುತಿಸಿದರು. ಅಲ್ಲಿಂದ ಮುಂದೆ ಅರವತ್ತು ವರ್ಷ ಬೆಕ್ಕಿನ ಪಾತ್ರ ಯಾರಿಗೂ ಗೊತ್ತಿರಲಿಲ್ಲ. ಮಾಂಸವನ್ನು ಮುಟ್ಟದವರಿಗೂ ಸೋಂಕು ತಗಲುತ್ತಿದ್ದದ್ದು ಬಿಡಿಸಲಾಗದ ಒಗಟಾಗಿತ್ತು. 1970ರ ಹೊತ್ತಿಗೆ ಬೆಕ್ಕಿನ ಮಲದಲ್ಲಿ ಇದರ ಊಸಿಸ್ಟ್‌ಗಳು, ಎಂದರೆ ಗಟ್ಟಿ ಹೊದಿಕೆಯ ಮೊಟ್ಟೆಯಂಥ ಕಣಗಳು, ಸಿಕ್ಕಾಗಲೇ ಅದು ಬಿಡಿಸಿಕೊಂಡಿತು. ಬೆಕ್ಕೇ ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇನ್ನೂ ತಡವಾಗಿ, 2019ರಲ್ಲಿ: ಬೇರೆ ಪ್ರಾಣಿಗಳ ಕರುಳಿನಲ್ಲಿ ಲಿನೋಲಿಯಿಕ್ ಆಮ್ಲವನ್ನು ಮಾರ್ಪಡಿಸುವ ಒಂದು ಕಿಣ್ವ ಬೆಕ್ಕಿನ ಕರುಳಿನಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ತುಂಬಿಕೊಳ್ಳುವ ಆ ಆಮ್ಲವೇ ಈ ಜೀವಿಗೆ ಬೇಕಾದ ಸಂಕೇತ.

ಹಾಗಾಗಿ ಸೋಂಕು ನಮ್ಮ ಬಾಯಿಗೆ ಬರುವ ಮುಖ್ಯ ದಾರಿಗಳು ಎರಡು. ಒಂದು, ಸೋಂಕು ತಗಲಿದ ಪ್ರಾಣಿಯ ಸ್ನಾಯುವಿನಲ್ಲಿ ಈ ಜೀವಿಗಳು ಗುಂಪಾಗಿ ಅಡಗಿ ಕುಳಿತ ಚೀಲಗಳು, ಎಂದರೆ ಸಿಸ್ಟ್‌ಗಳು, ಮಾಂಸ ಸರಿಯಾಗಿ ಬೇಯದಿದ್ದಾಗ. ಇನ್ನೊಂದು, ಬೆಕ್ಕಿನ ಮಲದಿಂದ ಮಣ್ಣು, ನೀರು, ತರಕಾರಿ ಸೇರಿದ ಊಸಿಸ್ಟ್‌ಗಳು. ತಾಯಿಯಿಂದ ಮಗುವಿಗೆ ಮಾಸಿನ (ಪ್ಲಾಸೆಂಟಾ) ಮೂಲಕ ದಾಟುವುದು ಮೂರನೆಯದು. ಅಪರೂಪಕ್ಕೆ ಅಂಗಾಂಗ ಕಸಿಯಿಂದ ಅಥವಾ ರಕ್ತದಿಂದಲೂ ಹರಡುತ್ತದೆ. ಸೋಂಕಿತರ ಪಕ್ಕ ಕುಳಿತರೆ, ಅವರ ಕೈ ಹಿಡಿದರೆ ಬರುವುದಿಲ್ಲ.

ತಟ್ಟೆಯ ಮರಳು ಮತ್ತು ಗಡಿಯಾರ

ಬೆಕ್ಕಿನ ವಿಷಯದಲ್ಲಿ ಎಲ್ಲ ಎಚ್ಚರಿಕೆಗಳ ಬುಡದಲ್ಲಿರುವ ಸಂಗತಿ ಒಂದೇ: ಆಗತಾನೇ ಬಿದ್ದ ಮಲ ಸೋಂಕು ತಗಲಿಸುವುದಿಲ್ಲ. ಮಲದೊಂದಿಗೆ ಹೊರಬಂದ ಊಸಿಸ್ಟ್ ಇನ್ನೂ ಹಸಿ. ಗಾಳಿ, ತೇವ, ಬಿಸಿ ಸಿಕ್ಕಿ ಅದು ಒಳಗೊಳಗೇ ಬಲಿತು, ಎರಡು ಕೋಶಗಳಾಗಿ, ಒಂದೊಂದರಲ್ಲೂ ನಾಲ್ಕು ಮರಿಜೀವಿಗಳು ರೂಪುಗೊಳ್ಳಲು ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ಅದನ್ನು ಎತ್ತಿ ಚೀಲದಲ್ಲಿ ಕಟ್ಟಿದರೆ ಆ ದಾರಿ ಅಲ್ಲಿಗೇ ಮುಚ್ಚಿತು. ಬಲಿತ ಮೇಲೆ ಕಥೆ ಬೇರೆ. ತೇವದ ಮಣ್ಣಿನಲ್ಲಿ ಅದು ಒಂದು ವರ್ಷಕ್ಕೂ ಮಿಕ್ಕಿ ಜೀವ ಹಿಡಿದಿರುತ್ತದೆ. ಬ್ಲೀಚು, ಕ್ಲೋರಿನ್ ಅದಕ್ಕೆ ನಾಟುವುದಿಲ್ಲ.

ಆದ್ದರಿಂದ ಬೆಕ್ಕು ಮಲ ಮಾಡುವ ಮರಳಿನ ತಟ್ಟೆಯನ್ನು ದಿನಕ್ಕೊಮ್ಮೆ ತಪ್ಪದೆ ಸ್ವಚ್ಛ ಮಾಡಿ. "ದಿನಬಿಟ್ಟು ದಿನ ಮಾಡುತ್ತೇವೆ" ಎನ್ನುವವರೊಂದಿಗೆ ನಾನು ರಾಜಿಯಾಗುವುದಿಲ್ಲ. ಈ ಕೆಲಸ ಗರ್ಭಿಣಿಯದಲ್ಲ, ಮನೆಯ ಬೇರೆ ಯಾರದಾದರೂ ಆಗಲಿ. ಗಂಡ ಬೆಕ್ಕನ್ನು ನನ್ನ ಬಳಿ ತರುವಷ್ಟು ಬಿಡುವು ಮಾಡಿಕೊಳ್ಳಬಲ್ಲವನಾದರೆ ತಟ್ಟೆಗೂ ಮಾಡಿಕೊಳ್ಳಬಲ್ಲ. ಬೇರೆ ಯಾರೂ ಇಲ್ಲದಿದ್ದರೆ ಮಾತ್ರ ಅವಳು ಮಾಡಲಿ, ಒಮ್ಮೆ ಬಳಸಿ ಎಸೆಯುವ ಕೈಗವಸು ಹಾಕಿಕೊಂಡು.

ಮಾಡುವ ರೀತಿಯೂ ಮುಖ್ಯ. ತಟ್ಟೆಯನ್ನು ಅಡುಗೆಮನೆಯಿಂದ ಮತ್ತು ಊಟದ ಜಾಗದಿಂದ ದೂರವಿಡಿ. ಮರಳನ್ನು ಕುಲುಕಬೇಡಿ, ಧೂಳೆಬ್ಬಿಸಬೇಡಿ. ಹಿಡಿಯುಳ್ಳ ಜಾಲರಿ ಸೌಟಿನಿಂದ ಮಲವನ್ನೂ ಒದ್ದೆಯಾಗಿ ಗಂಟುಕಟ್ಟಿದ ಮರಳನ್ನೂ ಮೆಲ್ಲಗೆ ಎತ್ತಿ ನೇರವಾಗಿ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಸದ ಡಬ್ಬಿಗೆ ಸೇರಿಸಿ. ತೋಟದ ಗೊಬ್ಬರದ ಗುಂಡಿಗೆ ಹಾಕಬೇಡಿ. ಶೌಚಾಲಯಕ್ಕೆ ಸುರಿದು ನೀರು ಬಿಡಲೂ ಬೇಡಿ. ಈ ಕೊನೆಯ ಮಾತಿಗೆ ಕಾರಣವಿದೆ. ಕ್ಯಾಲಿಫೋರ್ನಿಯದ ಕಡಲತೀರದ ನೀರುನಾಯಿಗಳು ಈ ಸೋಂಕಿನಿಂದ ಮಿದುಳು ಊದಿಕೊಂಡು ಸತ್ತಿವೆ. ಹವಾಯಿಯ ಮಾಂಕ್ ಸೀಲ್‌ಗಳ ಸಾವಿಗೂ ಇದು ಕಾರಣವಾಗಿದೆ. ಕಡಲಿನಲ್ಲಿ ಬೆಕ್ಕಿಲ್ಲ. ನೆಲದ ಮೇಲಿನ ಬೆಕ್ಕಿನ ಮಲ ನೀರಿನೊಂದಿಗೆ ಹರಿದು ಅಲ್ಲಿಗೆ ಮುಟ್ಟುತ್ತದೆ.

ಮರಳನ್ನು ಪೂರ್ತಿ ಬದಲಿಸುವ ದಿನ ಖಾಲಿ ತಟ್ಟೆಗೆ ಕುದಿಯುವ ನೀರು ಸುರಿದು ಐದು ನಿಮಿಷವಾದರೂ ಬಿಡಿ. ಫಿನಾಯಿಲಿನ ವಾಸನೆಯಿಂದ ಮನಸ್ಸಿಗೆ ಸಮಾಧಾನವಾಗಬಹುದು, ಊಸಿಸ್ಟ್‌ಗಳನ್ನು ಕೊಲ್ಲುವುದು ಬಿಸಿ. ಕೊನೆಗೆ ಕೈಗವಸು ಬಿಚ್ಚಿ ಸೋಪಿನಿಂದ ಕೈ ತೊಳೆಯಿರಿ, ಉಗುರಿನ ಸಂದಿಯನ್ನೂ ಬಿಡದೆ. ಕೈಗವಸು ಹಾಕಿದ್ದೆವಲ್ಲ ಎಂದು ಕೈ ತೊಳೆಯದವರು ಕೈಗವಸು ಹಾಕಿಯೂ ಪ್ರಯೋಜನವಿಲ್ಲ.

ಬೆಕ್ಕನ್ನು ಮುದ್ದಿಸಬಹುದೇ? ಮುದ್ದಿಸಿ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಂಡು ಸ್ವಚ್ಛವಾಗಿಟ್ಟುಕೊಳ್ಳುವ ಪ್ರಾಣಿ. ಊಸಿಸ್ಟ್ ಅದರ ಕೂದಲಿನ ಮೇಲೆ ದಿನಗಟ್ಟಲೆ ಕುಳಿತು ಬಲಿಯುವ ಸಾಧ್ಯತೆ ತೀರ ಕಡಿಮೆ. ಮುದ್ದಿಸಿದ ಮೇಲೆ, ಊಟಕ್ಕೆ ಕೂರುವ ಮುನ್ನ ಕೈ ತೊಳೆದರೆ ಸಾಕು.

ಬೆಕ್ಕಿಗೆ ಪರೀಕ್ಷೆ ಬೇಕೇ

"ಮಲ ಪರೀಕ್ಷೆ ಮಾಡಿಬಿಡಿ, ಇದೆಯೋ ಇಲ್ಲವೋ ಗೊತ್ತಾಗಲಿ" ಎನ್ನುತ್ತಾರೆ. ಮಾಡಬಹುದು, ಆದರೆ ಅದರಿಂದ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಮಲದ ಚೂರನ್ನು ಗಾಢ ಸಕ್ಕರೆ ದ್ರಾವಣದಲ್ಲಿ ಕದಡಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ತೇಲಿದ ಪದರವನ್ನು ಗಾಜಿನ ಪಟ್ಟಿಗೆ ಎತ್ತಿಕೊಂಡು ಸೂಕ್ಷ್ಮದರ್ಶಕದ ಕೆಳಗಿಡುತ್ತೇನೆ. ಬೆಕ್ಕಿನ ಕರುಳಿನ ಮಾಮೂಲಿ ಪರಾವಲಂಬಿಗಳಾದ ಕಾಕ್ಸಿಡಿಯಾಗಳ ಊಸಿಸ್ಟ್‌ಗಳು ಅಲ್ಲಿ ದೊಡ್ಡದಾಗಿ ಕಾಣುತ್ತವೆ. ಟಾಕ್ಸೋಪ್ಲಾಸ್ಮಾದ್ದು ಹತ್ತು ಹನ್ನೆರಡು ಮೈಕ್ರೊಮೀಟರ್‌ನ ದುಂಡು ಚುಕ್ಕಿ, ನಮ್ಮ ಕೆಂಪು ರಕ್ತಕಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಗಮನ ಒಂದಿಷ್ಟು ತಪ್ಪಿದರೂ ಗಾಳಿಗುಳ್ಳೆ ಎಂದುಕೊಂಡು ದಾಟಿಹೋಗಬಹುದು. ಕಂಡರೂ ಖಚಿತವಾಗಿ ಹೇಳುವಂತಿಲ್ಲ. ಹ್ಯಾಮಂಡಿಯಾ ಎಂಬ ನಿರುಪದ್ರವಿ ನೆಂಟನ ಊಸಿಸ್ಟ್ ಥೇಟ್ ಹೀಗೆಯೇ ಇರುತ್ತದೆ. ಸಾಲದ್ದಕ್ಕೆ, ಬೆಕ್ಕು ಇವನ್ನು ಹೊರಹಾಕುವುದು ಬದುಕಿನಲ್ಲಿ ಸಾಮಾನ್ಯವಾಗಿ ಒಂದೇ ಬಾರಿ, ಮೊದಲ ಸೋಂಕಿನ ಬಳಿಕ ಒಂದರಿಂದ ಮೂರು ವಾರ. ಆ ಅವಧಿಯಲ್ಲಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಹೊರಬರುತ್ತವೆ. ಆಮೇಲೆ ನಿಲ್ಲುತ್ತದೆ. ನೀವು ಮಾದರಿ ತಂದ ದಿನ ಆ ಕಿಟಕಿ ತೆರೆದಿರುವ ಸಂಭವ ತುಂಬ ಕಡಿಮೆ.

ರಕ್ತ ಪರೀಕ್ಷೆಯ ಫಲಿತಾಂಶವಂತೂ ಜನರು ಎಣಿಸಿದ್ದಕ್ಕೆ ತಿರುವುಮುರುವು. ಬೆಕ್ಕಿನ ರಕ್ತದಲ್ಲಿ ಪ್ರತಿಕಾಯ, ಎಂದರೆ ಸೋಂಕನ್ನು ಎದುರಿಸಲು ದೇಹ ತಯಾರಿಸಿಕೊಳ್ಳುವ ಪ್ರೋಟೀನು, ಇದ್ದರೆ ಅದರ ಸರದಿ ಬಹುಮಟ್ಟಿಗೆ ಮುಗಿದಿದೆ ಎಂದರ್ಥ. ಮತ್ತೆ ಊಸಿಸ್ಟ್ ಹೊರಹಾಕುವುದು ಅಪರೂಪ. ಪ್ರತಿಕಾಯ ಇಲ್ಲದ ಬೆಕ್ಕು ಮುಂದೆ ಸೋಂಕು ತಗಲಿಸಿಕೊಂಡು ಹೊರಹಾಕಬಹುದಾದ ಬೆಕ್ಕು. "ನೆಗೆಟಿವ್ ಬಂದಿದೆ, ಇನ್ನು ಭಯವಿಲ್ಲ" ಎಂದು ಹಿಗ್ಗುವವರಿಗೆ ಇದನ್ನು ವಿವರಿಸುವುದು ನನ್ನ ಕೆಲಸದ ಬೇಸರದ ಭಾಗಗಳಲ್ಲಿ ಒಂದು.

ಹಾಗಾಗಿ ಆ ಹಣವನ್ನು ಬೆಕ್ಕಿನ ಊಟಕ್ಕೆ ಹಾಕಿ. ಹಸಿ ಮಾಂಸ ಕೊಡಬೇಡಿ. ಬೇಯಿಸಿದ್ದು ಅಥವಾ ಸಿದ್ಧ ಆಹಾರ ಕೊಡಿ. ಬೇಟೆಗೆ ಹೋಗದಂತೆ ಒಳಗಿಡಿ. ಇಲಿ, ಹಕ್ಕಿ ತಿಂದೇ ಬೆಕ್ಕಿಗೆ ಹೆಚ್ಚಾಗಿ ಈ ಸೋಂಕು ಬರುವುದು. (ಸೋಂಕಿತ ಇಲಿಗಳಿಗೆ ಬೆಕ್ಕಿನ ಮೂತ್ರದ ವಾಸನೆಯ ಭಯ ಹೋಗಿಬಿಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅದರ ಎಳೆ ಹಿಡಿದು ಮನುಷ್ಯರ ಸ್ವಭಾವವನ್ನೂ ಈ ಜೀವಿ ಆಳುತ್ತದೆ ಎಂದು ಕಥೆ ಕಟ್ಟುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.) ಗರ್ಭದ ಅವಧಿಯಲ್ಲಿ ಬೀದಿಯ ಮರಿಬೆಕ್ಕನ್ನು ಹೊಸದಾಗಿ ಮನೆಗೆ ತರಬೇಡಿ. ಊಸಿಸ್ಟ್ ಹೊರಹಾಕುವ ಸಾಧ್ಯತೆ ಹೆಚ್ಚಿರುವುದು ಆಗತಾನೇ ಬೇಟೆ ಕಲಿತ ಎಳೆಯ ಬೆಕ್ಕುಗಳಲ್ಲಿ. ವರ್ಷಗಳಿಂದ ಸೋಫಾದ ಮೇಲೆ ಮಲಗಿರುವ ನಿಮ್ಮ ಮುದಿಬೆಕ್ಕಿನಲ್ಲಿ ಅಲ್ಲ.

ಒಲೆ, ಹಲಗೆ, ಮಣ್ಣು, ನೀರು

ಮಾಂಸದೊಳಗಿನ ಸಿಸ್ಟ್ ಕಣ್ಣಿಗೆ ಕಾಣುವುದಿಲ್ಲ, ರುಚಿ ಕೆಡಿಸುವುದಿಲ್ಲ, ವಾಸನೆಯನ್ನೂ ಬಿಡುವುದಿಲ್ಲ. ಫ್ರಿಜ್ಜಿನ ತಣ್ಣನೆಯಲ್ಲಿ ವಾರಗಟ್ಟಲೆ ಬದುಕುತ್ತದೆ. ಅದನ್ನು ಕೊಲ್ಲುವುದು ಬಿಸಿ, ಇಲ್ಲವೇ ಕೊರೆಯುವ ಚಳಿ. ಬಣ್ಣ ನೋಡಿ ಬೆಂದಿದೆ ಎಂದು ನಿರ್ಧರಿಸಬೇಡಿ. ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಂಡು, ಅದರ ಮೊನೆಯನ್ನು ತುಂಡಿನ ಅತಿ ದಪ್ಪ ಜಾಗದ ನಡುಮಧ್ಯಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ. ಇಡೀ ತುಂಡಾದರೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಒಲೆಯಿಂದ ಇಳಿಸಿದ ಮೇಲೆ ಮೂರು ನಿಮಿಷ ಹಾಗೇ ಇರಬೇಕು. ಕೊಚ್ಚಿದ ಮಾಂಸಕ್ಕೆ 71, ಕೋಳಿಗೆ 74 ಡಿಗ್ರಿ. ಕೊಚ್ಚಿದ್ದಕ್ಕೆ ಹೆಚ್ಚು ಯಾಕೆಂದರೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬೆರೆತಿರುತ್ತದೆ. ಮೈಕ್ರೊವೇವ್ ಅಲ್ಲಲ್ಲಿ ತಣ್ಣನೆಯ ಜಾಗ ಉಳಿಸುವುದರಿಂದ ಅದನ್ನು ನಂಬಿ ಕೂರಬೇಡಿ. ಉಪ್ಪು ಹಚ್ಚಿದ್ದು, ಹೊಗೆ ಹಾಕಿದ್ದು, ಒಣಗಿಸಿದ್ದು ಬೆಂದದ್ದಕ್ಕೆ ಸಮವಲ್ಲ. ಅಡುಗೆಯ ನಡುವೆ ಬೇಯುತ್ತಿರುವ ಮಾಂಸದ ರುಚಿ ನೋಡುವ ಅಭ್ಯಾಸವಿದ್ದರೆ ಬಿಡಿ. ಅನೇಕ ಮನೆಗಳಲ್ಲಿ ಹಾಗೆ ರುಚಿ ನೋಡುವವಳು ಗರ್ಭಿಣಿಯೇ ಆಗಿರುತ್ತಾಳೆ.

ತಿನ್ನುವ ಮೊದಲು ಮಾಂಸವನ್ನು ಮೈನಸ್ 18 ಡಿಗ್ರಿಯಲ್ಲಿ ಹಲವು ದಿನ ಹೆಪ್ಪುಗಟ್ಟಿಸಿಟ್ಟರೆ ಅಪಾಯ ಬಹಳ ಇಳಿಯುತ್ತದೆ. ಇದು ಬೇಯಿಸುವುದಕ್ಕೆ ಬದಲಿಯಲ್ಲ, ಮೇಲಿನ ಕಾವಲು.

ಹಸಿ ಮಾಂಸಕ್ಕೊಂದು ಹಲಗೆ, ಹಸಿಯಾಗಿ ತಿನ್ನುವ ತರಕಾರಿಗೊಂದು ಹಲಗೆ ಇರಲಿ. ಚಾಕು, ತೊಟ್ಟಿ, ನಲ್ಲಿಯ ತಿರುಪು ಎಲ್ಲವನ್ನೂ ಸೋಪು ಮತ್ತು ಬಿಸಿನೀರಿನಿಂದ ತೊಳೆಯಿರಿ. ನಲ್ಲಿಯ ತಿರುಪು ಎಂದು ಬೇಕೆಂದೇ ಹೇಳಿದೆ. ಮಾಂಸ ಮುಟ್ಟಿದ ಕೈಯಲ್ಲಿ ತಿರುಗಿಸಿ, ಕೈ ತೊಳೆದು, ಅದೇ ತಿರುಪನ್ನು ಮತ್ತೆ ಹಿಡಿಯುತ್ತೇವೆ. ಕಾಯಿಸದ ಹಾಲು, ಅದರಲ್ಲೂ ಆಡಿನ ಹಸಿಹಾಲು ಬೇಡ. ಹಸಿ ಸಿಂಪಿ, ಮಳಿ ಮುಂತಾದ ಚಿಪ್ಪುಜೀವಿಗಳೂ ಬೇಡ. ಅವು ನೀರನ್ನು ಸೋಸಿ ಬದುಕುವುದರಿಂದ ನೀರಿನಲ್ಲಿದ್ದ ಊಸಿಸ್ಟ್‌ಗಳು ಅವುಗಳ ಒಡಲಿನಲ್ಲಿ ಉಳಿದುಬಿಡುತ್ತವೆ.

ಸಸ್ಯಾಹಾರಿಗಳು ಇಲ್ಲಿಗೆ ಓದು ನಿಲ್ಲಿಸಬೇಡಿ. ಮಣ್ಣಿನ ದಾರಿ ನಿಮಗೂ ತೆರೆದೇ ಇದೆ. ಸೊಪ್ಪು, ಬೇರುಗಡ್ಡೆ, ಹಣ್ಣುಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಲಾಗುವುದನ್ನು ತೆಗೆಯಿರಿ. ವಿನೆಗರ್ ನೀರಿನಲ್ಲಿ ನೆನೆಸಿಟ್ಟರೆ ಊಸಿಸ್ಟ್ ಸಾಯುವುದಿಲ್ಲ. ಉಜ್ಜಾಟ ಮತ್ತು ನೀರಿನ ಹರಿವೇ ಅದನ್ನು ಕಳಚಿ ಒಯ್ಯಬೇಕು. ತೋಟದಲ್ಲಿ ಕೈಗವಸು ಹಾಕಿ ಕೆಲಸ ಮಾಡಿ. ಮಕ್ಕಳು ಆಡುವ ಮರಳಿನ ಗುಂಡಿಗೆ ಆಟ ಮುಗಿದ ಮೇಲೆ ಮುಚ್ಚಳ ಹಾಕಿ. ಸಡಿಲ ಮರಳು ಕಂಡರೆ ಊರ ಬೆಕ್ಕುಗಳೆಲ್ಲ ಅಲ್ಲಿಗೇ ಬರುತ್ತವೆ. ಕೆರೆ, ತೊರೆಗಳ ನೀರನ್ನು ಕುದಿಸದೆ ಕುಡಿಯಬೇಡಿ. 1995ರಲ್ಲಿ ಕೆನಡಾದ ವಿಕ್ಟೋರಿಯಾ ನಗರದಲ್ಲಿ ಸೋಂಕು ಹಬ್ಬಿದಾಗ ಬೊಟ್ಟು ಮಾಡಿದ್ದು ಊರಿಗೆಲ್ಲ ಹೋಗುವ ಕುಡಿಯುವ ನೀರಿನ ಕಡೆಗೆ. ಕ್ಲೋರಿನ್ ಹಾಕಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಗರ್ಭಿಣಿಯ ರಕ್ತ ಪರೀಕ್ಷೆಯ ವರದಿ

ಮನುಷ್ಯರ ಚಿಕಿತ್ಸೆ ನನ್ನ ವ್ಯಾಪ್ತಿಯಲ್ಲ. ಆದರೆ ವರದಿ ಹಿಡಿದು ಗಾಬರಿಯಿಂದ ನನ್ನ ಹತ್ತಿರವೇ ಮೊದಲು ಬರುವುದರಿಂದ, ಪ್ರಸೂತಿ ವೈದ್ಯರ ಬಳಿ ಏನು ಕೇಳಬೇಕೆಂದು ಹೇಳಿ ಕಳಿಸುತ್ತೇನೆ.

ಪರೀಕ್ಷೆಗೆ ಒಳ್ಳೆಯ ಹೊತ್ತು ಗರ್ಭ ನಿಲ್ಲುವ ಮೊದಲು. ಐಜಿಜಿ ಎಂಬ ಬಗೆಯ ಪ್ರತಿಕಾಯ ಆಗಲೇ ಇದ್ದರೆ ಸೋಂಕು ಹಳೆಯದು. ದೇಹದ ರೋಗನಿರೋಧಕ ಶಕ್ತಿ ಸರಿಯಾಗಿರುವ ಹೆಣ್ಣಿನಲ್ಲಿ ಹಳೆಯ ಸೋಂಕು ಸಾಮಾನ್ಯವಾಗಿ ಮಗುವಿಗೆ ದಾಟುವುದಿಲ್ಲ. ಇಲ್ಲದಿದ್ದರೆ ಮೇಲಿನ ಎಚ್ಚರಿಕೆಗಳೆಲ್ಲ ಅವಳಿಗಾಗಿಯೇ ಇವೆ. ಫ್ರಾನ್ಸ್‌ನಲ್ಲಿ ಇಂಥ ಗರ್ಭಿಣಿಯರಿಗೆ ಪ್ರತಿ ತಿಂಗಳೂ ಪರೀಕ್ಷೆ ಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೊಸದಾಗಿ ಸೋಂಕು ತಗಲಿದ್ದು ಗೊತ್ತಾದರೆ ಗರ್ಭ ಧರಿಸುವುದನ್ನು ಆರು ತಿಂಗಳು ಮುಂದೂಡುವಂತೆ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ.

ಜನ ಹೆದರಿ ಕಂಗಾಲಾಗುವುದು ಐಜಿಎಂ ಪಾಸಿಟಿವ್ ಎಂಬ ಒಂದು ಸಾಲಿಗೆ. ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಹೊಸ ಸೋಂಕಿನ ಗುರುತು ಎಂಬುದು ಅರ್ಧ ಸತ್ಯ. ಕೆಲವರಲ್ಲಿ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದಿರುತ್ತದೆ. ಕೆಲವೊಮ್ಮೆ ಪರೀಕ್ಷೆಯೇ ತಪ್ಪು ತೋರಿಸುತ್ತದೆ. ಈ ಒಂದು ಸಾಲನ್ನು ನಂಬಿ ಗರ್ಭದ ಬಗ್ಗೆ ಯಾವ ನಿರ್ಧಾರವನ್ನೂ ಮಾಡಬೇಡಿ. "ಐಜಿಜಿ ಅವಿಡಿಟಿ ಪರೀಕ್ಷೆ ಮಾಡಿಸಬಹುದೇ, ಇದರಲ್ಲಿ ಅನುಭವವಿರುವ ಪ್ರಯೋಗಾಲಯಕ್ಕೆ ಕಳಿಸಬಹುದೇ" ಎಂದು ಕೇಳಿ. ಅವಿಡಿಟಿ ಎಂದರೆ ಪ್ರತಿಕಾಯಗಳ ಹಿಡಿತ, ಅದು ದಿನ ಕಳೆದಂತೆ ಬಿಗಿಯಾಗುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿಯೇ ಅವಿಡಿಟಿ ಹೆಚ್ಚು ಎಂದು ಬಂದರೆ ಸೋಂಕು ಗರ್ಭಕ್ಕಿಂತ ಹಿಂದಿನದು ಎಂದು ತಿಳಿಯಬಹುದು. ಅವಿಡಿಟಿ ಕಡಿಮೆ ಬಂದರೆ ಮಾತ್ರ ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗದು.

ನಿಜಕ್ಕೂ ಹೊಸ ಸೋಂಕೇ ಆಗಿದ್ದರೆ ವಾರಗಳ ಲೆಕ್ಕ ಮುಖ್ಯವಾಗುತ್ತದೆ. ಗರ್ಭ ಬೆಳೆದಂತೆ ಸೋಂಕು ಮಗುವಿಗೆ ದಾಟುವ ಸಂಭವ ಏರುತ್ತದೆ, ಹಾನಿಯ ತೀವ್ರತೆ ಇಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ದಾಟುವುದು ಕಡಿಮೆ, ದಾಟಿದರೆ ಪೆಟ್ಟು ದೊಡ್ಡದು: ಗರ್ಭಪಾತ, ತಲೆಯಲ್ಲಿ ನೀರು ತುಂಬುವುದು, ಮಿದುಳಿನಲ್ಲಿ ಸುಣ್ಣದ ಚುಕ್ಕಿಗಳು, ಕಣ್ಣಿನ ಹಿಂಭಾಗದ ಉರಿಯೂತ. ಆರಂಭದ ತಿಂಗಳುಗಳಲ್ಲಿ ಸ್ಪೈರಾಮೈಸಿನ್ ಎಂಬ ಔಷಧಿ ಕೊಡುವುದುಂಟು. ಹದಿನೆಂಟು ವಾರಗಳ ನಂತರ ಗರ್ಭಜಲವನ್ನು ತೆಗೆದು ಪಿಸಿಆರ್ ಪರೀಕ್ಷೆ ಮಾಡಬಹುದು. ಮಗುವಿಗೆ ತಗಲಿದ್ದರೆ ಪೈರಿಮೆಥಮಿನ್, ಸಲ್ಫಾಡಯಾಜಿನ್, ಜೊತೆಗೆ ಫೋಲಿನಿಕ್ ಆಮ್ಲ. ಇದರ ಜಾಗಕ್ಕೆ ಫೋಲಿಕ್ ಆಮ್ಲ ಒಗ್ಗುವುದಿಲ್ಲ, ಆದ್ದರಿಂದ ಔಷಧಿ ಚೀಟಿಯನ್ನು ಎರಡೆರಡು ಸಲ ಓದಿ. ಹುಟ್ಟಿದಾಗ ಚೆನ್ನಾಗಿಯೇ ಕಂಡ ಮಗುವಿಗೂ ಹದಿಹರೆಯದಲ್ಲಿ ಕಣ್ಣಿನ ತೊಂದರೆ ಬರಬಹುದು. ಕಣ್ಣ ಮುಂದೆ ಚುಕ್ಕಿಗಳು ತೇಲುವುದು, ದೃಷ್ಟಿ ಮಂಜಾಗುವುದು ಕಂಡರೆ ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ನೋಡುವ ವೈದ್ಯರ ಬಳಿಗೇ ಹೋಗಬೇಕು.

ಆರೋಗ್ಯವಂತ ದೊಡ್ಡವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುತೇಕರಿಗೆ ಸೋಂಕು ಬಂದದ್ದೇ ತಿಳಿಯುವುದಿಲ್ಲ. ಕೆಲವರಿಗೆ ಜ್ವರ, ಸುಸ್ತು, ಕುತ್ತಿಗೆಯಲ್ಲಿ ಗಂಟು ಕಾಣಿಸಿ ತಾನಾಗಿಯೇ ಹೋಗುತ್ತದೆ. ಆದರೆ ಜೀವಿ ಹೋಗುವುದಿಲ್ಲ. ಸ್ನಾಯುವಿನಲ್ಲಿ, ಮಿದುಳಿನಲ್ಲಿ ಸಿಸ್ಟ್ ಆಗಿ ಜೀವಮಾನವಿಡೀ ಉಳಿಯುತ್ತದೆ. ಆ ಸಿಸ್ಟ್‌ಗಳನ್ನು ಪೂರ್ತಿಯಾಗಿ ಅಳಿಸುವ ಔಷಧಿ ಇನ್ನೂ ಇಲ್ಲ. ಎಚ್‌ಐವಿ ಇದ್ದು ಸಿಡಿ4 (ರೋಗನಿರೋಧಕ ಕಣಗಳ) ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ, ಅಂಗಾಂಗ ಕಸಿಯಾದವರಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳ ಮೇಲಿರುವವರಲ್ಲಿ ಅದು ಮತ್ತೆ ಎದ್ದು ಮಿದುಳಿಗೆ ಎರಗಬಹುದು. ತಲೆನೋವು, ಗೊಂದಲ, ಫಿಟ್ಸ್, ಮೈಯ ಒಂದು ಬದಿ ಸೋಲುವುದು ಅದರ ಲಕ್ಷಣಗಳು. ಅಂಥ ಚಿಕಿತ್ಸೆ ಶುರುವಾಗುವ ಮುನ್ನವೇ ಐಜಿಜಿ ಪರೀಕ್ಷೆ ಮಾಡಿಸಿ. ಪಾಸಿಟಿವ್ ಇದ್ದರೆ ತಡೆಗಟ್ಟುವ ಮಾತ್ರೆಗಳಿವೆ.

ಕುರಿ, ಆಡು ಸಾಕುವವರಿಗೆ

ಗರ್ಭದ ಕುರಿಗೆ ಮೊದಲ ಬಾರಿಗೆ ಸೋಂಕು ತಗಲಿದರೆ ಕಂದು ಹಾಕುತ್ತದೆ (ಗರ್ಭ ಕಳೆದುಕೊಳ್ಳುತ್ತದೆ), ಸತ್ತ ಮರಿ ಈಯುತ್ತದೆ, ಇಲ್ಲವೇ ಸೊರಗಿದ ಮರಿಯ ಜೊತೆಗೆ ಒಣಗಿದ ಇನ್ನೊಂದು ಭ್ರೂಣ ಬೀಳುತ್ತದೆ. ಕಾರಣ ಹೆಚ್ಚಿನ ಸಲ ಮೇವಿನ ಕೋಣೆಯಲ್ಲಿ ಮರಿ ಹಾಕಿದ ಬೆಕ್ಕು. ಇಲಿ ಕಾಟಕ್ಕೆಂದು ಸಾಕಿದ ಬೆಕ್ಕನ್ನು ಓಡಿಸಬೇಡಿ. ಸಂತಾನಹರಣ ಮಾಡಿಸಿ, ವಯಸ್ಸಾದ ಬೆಕ್ಕುಗಳನ್ನೇ ಉಳಿಸಿಕೊಳ್ಳಿ, ಮೇವು ಮತ್ತು ಹಿಂಡಿಯನ್ನು ಮುಚ್ಚಿಡಿ. ವರ್ಷವರ್ಷವೂ ಹೊಸ ಮರಿಬೆಕ್ಕುಗಳು ಹುಟ್ಟದಿದ್ದರೆ ಅಪಾಯ ತಾನಾಗಿ ಇಳಿಯುತ್ತದೆ. ನ್ಯೂಜಿಲೆಂಡ್, ಬ್ರಿಟನ್ ಮುಂತಾದ ಕಡೆ ಕುರಿಗಳಿಗೆ ಎಸ್48 ತಳಿಯ ಜೀವಂತ ಲಸಿಕೆ ಇದೆ. ಹೆಣ್ಣು ಕುರಿಗಳನ್ನು ಟಗರಿಗೆ ಬಿಡುವುದಕ್ಕೆ ವಾರಗಳ ಮುಂಚೆಯೇ ಅದನ್ನು ಹಾಕಬೇಕು. ಜೀವಂತ ಲಸಿಕೆಯಾದ್ದರಿಂದ ಗರ್ಭಿಣಿಯರು ಅದರ ಸೀಸೆಯನ್ನೂ ಮುಟ್ಟಬಾರದು. ಕುರಿ ಈಯುವ ಹೊತ್ತಿನಲ್ಲಿ ಕೊಟ್ಟಿಗೆಯ ಹತ್ತಿರವೂ ಅವರು ಬೇಡ.

ಕಂದು ಹಾಕಿದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟಿ. ಕೈಗವಸಿಲ್ಲದೆ ಏನನ್ನೂ ಮುಟ್ಟಬೇಡಿ. ಕಾರಣ ಬೇರೆ ರೋಗವೂ ಇರಬಹುದು, ಅವುಗಳಲ್ಲಿ ಕೆಲವು ಇದಕ್ಕಿಂತ ಕೆಟ್ಟವು. ಭ್ರೂಣವನ್ನಷ್ಟೇ ಚೀಲದಲ್ಲಿ ಹಾಕಿ ಪ್ರಯೋಗಾಲಯಕ್ಕೆ ತರುವವರೇ ಹೆಚ್ಚು, ಮಾಸನ್ನು ನಾಯಿ ತಿಂದಾಗಿರುತ್ತದೆ. ಆದರೆ ನಮಗೆ ಬೇಕಾದದ್ದು ಅದೇ. ಟಾಕ್ಸೋಪ್ಲಾಸ್ಮಾ ಆಗಿದ್ದರೆ ಮಾಸಿನ ಮೇಲಿರುವ, ಅಂಗಿಯ ಗುಂಡಿಯಂಥ ಕೆಂಪು ಉಬ್ಬುಗಳ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕಿಗಳು ಎರಚಿದ ಹಾಗೆ ಬರಿಗಣ್ಣಿಗೇ ಕಾಣುತ್ತವೆ, ಉಬ್ಬುಗಳ ನಡುವಿನ ಪೊರೆ ಮಾತ್ರ ಸಾಮಾನ್ಯವಾಗಿಯೇ ಇರುತ್ತದೆ. ಮಾಸು ಮತ್ತು ಭ್ರೂಣ ಎರಡನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ, ಹೆಪ್ಪುಗಟ್ಟಿಸದೆ, ಮಂಜುಗಡ್ಡೆಯ ಪಕ್ಕದಲ್ಲಿ ತಣ್ಣಗಿಟ್ಟು ಅದೇ ದಿನ ತಲುಪಿಸಿ.